ಮಂತ್ರ ಹೇಳುವ ಬಾಯಿ, ಹೊಟ್ಟೆ ನೀವುವ ಕೈ



ಹಾಲು ಕುಡಿದು ಮಲಗಿದ ಕೂಸಿನ ಹೊಟ್ಟೆಯನ್ನು ಅಂಗೈಯಿಂದ ನೀವುತ್ತ ‘ವಾತಾಪಿ ಅರಗಿಹೋಗಲಿ’ ಎನ್ನುವ ಅಜ್ಜಿಯರನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಆ ವಾತಾಪಿ ಬೇರೆ ಯಾರೂ ಅಲ್ಲ, ನಮ್ಮ ಬಾದಾಮಿಗೆ ಹಳೆಯ ಹೆಸರು ಕೊಟ್ಟ ರಾಕ್ಷಸ. ಕಥೆ ಮಹಾಭಾರತದ ವನಪರ್ವದಲ್ಲಿದೆ. ಅಗಸ್ತ್ಯ ಮುನಿಯ ಹೆಂಡತಿ ಲೋಪಾಮುದ್ರೆ ಅರಮನೆಯಲ್ಲಿ ಬೆಳೆದವಳು. ನಾರುಮಡಿ ಉಟ್ಟು ಸಂಸಾರ ಮಾಡಲೊಲ್ಲೆ, ಒಡವೆ ವಸ್ತ್ರ ತಂದುಕೊಡು ಎಂದಳು. ಹೆಂಡತಿಯ ಆಸೆ ತೀರಿಸಲು ಮುನಿ ಹಣ ಹುಡುಕುತ್ತ ಇಲ್ವಲನ ಮನೆಗೆ ಬಂದ. ಈ ಇಲ್ವಲ ತನ್ನ ತಮ್ಮ ವಾತಾಪಿಯನ್ನು ಟಗರು ಮಾಡಿ, ಕೊಯ್ದು ಅಡಿಗೆ ಮಾಡಿ, ಬಂದವರಿಗೆ ಬಡಿಸುವವನು. ಉಂಡಾದ ಮೇಲೆ ‘ವಾತಾಪೀ, ಬಾ’ ಎಂದು ಕರೆದರೆ ಆತ ಉಂಡವನ ಹೊಟ್ಟೆ ಸೀಳಿಕೊಂಡು ಹೊರಗೆ ಬರುವವನು. ಅಗಸ್ತ್ಯ ಉಂಡ, ನಮ್ಮ ಜನ ಹೇಳುವಂತೆ ಹೊಟ್ಟೆ ನೀವಿಕೊಂಡ, ಅರಗಿಸಿಕೊಂಡ. ಅಣ್ಣ ಕೂಗಿದಾಗ ಬರಲು ತಮ್ಮ ಉಳಿದಿರಲಿಲ್ಲ. ಬಾದಾಮಿಯ ಕೆರೆಗೆ ಇಂದಿಗೂ ಅಗಸ್ತ್ಯ ತೀರ್ಥವೆಂದೇ ಹೆಸರು.

ಹೆಂಡತಿಯ ಮೇಲಿನ ಪ್ರೀತಿ, ಊಟ, ಹೊಟ್ಟೆಯ ಆರೋಗ್ಯ, ಸಾವು ಎಲ್ಲವೂ ಈ ಒಂದೇ ಕಥೆಯೊಳಗಿವೆ. ಆದರೆ ನಾನು ಇಂದು ನಿಮ್ಮ ಗಮನ ಸೆಳೆಯಬೇಕೆಂದಿರುವುದು ಕಥೆಯ ಕಡೆಗಲ್ಲ, ಅಜ್ಜಿಯ ಅಂಗೈಯ ಕಡೆಗೆ. ಕೂಸಿಗೆ ಅಗಸ್ತ್ಯನೂ ಗೊತ್ತಿಲ್ಲ, ವಾತಾಪಿಯೂ ಗೊತ್ತಿಲ್ಲ. ಅದಕ್ಕೆ ಹಾಯೆನಿಸುವುದು ಬೆಚ್ಚಗಿನ ಕೈ ಹೊಟ್ಟೆಯ ಮೇಲೆ ಆಡಿದ್ದರಿಂದ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ನಂಬಿಕೆಗಳನ್ನು ಬಿಚ್ಚಿ ನೋಡಿದರೆ ಹೆಚ್ಚಿನವುಗಳ ಒಳಗೆ ಇಂಥದೊಂದು ಕೈ ಸಿಗುತ್ತದೆ. ಬಾಯಿ ಒಂದು ಮಾತು ಹೇಳುತ್ತದೆ, ಕೈ ಒಂದು ಕೆಲಸ ಮಾಡುತ್ತದೆ. ಮಾತು ನಿಜವೋ ಸುಳ್ಳೋ ಎಂದು ನಾವು ಜಗಳಾಡುತ್ತೇವೆ. ಕೈ ಮಾಡಿದ ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬಾದಾಮಿಯಿಂದ ಮಹಾಕೂಟದತ್ತ ಹೊರಟು ಮುಂದೆ ನಡೆದರೆ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರ. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಇದನ್ನು ಸ್ಥಾಪಿಸಿದರು. ನಾಡಿನ ಮಠಗಳಿಗೆ ಓದು, ಯೋಗ, ಸಂಗೀತ ಬಲ್ಲ ಸ್ವಾಮಿಗಳು ಬೇಕೆಂಬುದು ಅವರ ಹಂಬಲ. ವಟುಗಳು ಇಲ್ಲಿ ಕಲಿತು ಮಠಗಳಿಗೆ ಹೋಗುತ್ತಾರೆ. ಆದರೆ ಹಳ್ಳಿಯ ಹೆಣ್ಣುಮಕ್ಕಳಿಗೆ ಮಂದಿರ ಪರಿಚಯವಾಗಿರುವುದು ಅಲ್ಲಿಯ ವಿಭೂತಿಯಿಂದ. ಗೋಶಾಲೆಯ ಆಕಳ ಸಗಣಿಯನ್ನು ಉಂಡೆ ಕಟ್ಟಿ ಒಣಗಿಸುತ್ತಾರೆ, ಸುಡುತ್ತಾರೆ. ಬೂದಿಯನ್ನು ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸುತ್ತಾರೆ. ತಳಕ್ಕಿಳಿದ ನುಣ್ಣನೆಯ ಬಿಳಿ ಭಾಗವನ್ನು ಗಟ್ಟಿ ಮಾಡಿ ಒಣಗಿಸಿದರೆ ವಿಭೂತಿ. ಶಾಸ್ತ್ರ ಇದರಲ್ಲೂ ಕಲ್ಪ, ಅನುಕಲ್ಪ, ಉಪಕಲ್ಪ, ಅಕಲ್ಪ ಎಂದು ನಾಲ್ಕು ಬಗೆ ಹೇಳುತ್ತದೆ. ಸಗಣಿ ನೆಲಕ್ಕೆ ಬೀಳುವ ಮೊದಲೇ ಹಿಡಿದು ಮಾಡಿದ್ದು ಕಲ್ಪ; ಕಾಡಿನಲ್ಲಿ ಒಣಗಿ ಬಿದ್ದದ್ದನ್ನು ಆಯ್ದು ಮಾಡಿದ್ದು ಅನುಕಲ್ಪ.

ಲಿಂಗಾಯತರ ಮನೆಯಲ್ಲಿ ಹುಟ್ಟಿದ ಕೂಸಿನ ಹಣೆಗೆ ಮೊದಲು ತಾಗುವುದು ಈ ವಿಭೂತಿ, ಮಣ್ಣಿಗಿಡುವಾಗ ಜೊತೆಗೆ ಹೋಗುವುದೂ ಇದೇ. ನಡುವಿನ ಆಯುಷ್ಯದಲ್ಲಿ ಅದು ಮನೆಯ ಮೊದಲ ಔಷಧ. ಮಗು ಬೆಚ್ಚಿಬಿದ್ದರೆ ವಿಭೂತಿ, ಮೈ ಕಾದರೆ ವಿಭೂತಿ, ಪರೀಕ್ಷೆಗೆ ಹೊರಟರೆ ವಿಭೂತಿ. ಮಠದ ಗದ್ದಿಗೆಯಿಂದ ಅಂಗಾರ ತಂದು ಹಚ್ಚುವುದೂ ಉಂಟು. ಬೂದಿಗೆ ಜ್ವರ ಇಳಿಯುವುದಿಲ್ಲ. ಆದರೆ ಹಚ್ಚಲು ಹೋದ ಕೈಗೆ ಹಣೆಯ ಬಿಸಿ ಹತ್ತುತ್ತದೆ. ದಿನವೂ ಮಕ್ಕಳ ಹಣೆ ಮುಟ್ಟುವ ಹಿರಿಯರು ಯಾವ ಮಗುವಿಗೆ ಮೈ ಸರಿಯಿಲ್ಲವೆಂದು ಎಲ್ಲರಿಗಿಂತ ಮೊದಲು ತಿಳಿಯುತ್ತಾರೆ. ಅದು ಸಣ್ಣ ಮಾತಲ್ಲ.

ಇನ್ನು ಬಸುರಿ ಬಾಣಂತಿಯರ ವಿಷಯಕ್ಕೆ ಬರೋಣ. ನಂಬಿಕೆಗಳು ಅತಿ ದಟ್ಟವಾಗಿರುವುದು ಇಲ್ಲೇ. ಐಹೊಳೆಗೆ ಸಮೀಪದ ಸಿದ್ಧನಕೊಳ್ಳದಲ್ಲಿ ಬಂಡೆಯ ಆಸರೆಯಲ್ಲಿ ಲಜ್ಜಾಗೌರಿಯ ಶಿಲ್ಪವಿದೆ. ಹೆರಿಗೆಯ ಭಂಗಿಯಲ್ಲಿ ಕಾಲು ಮಡಚಿ ಅಗಲಿಸಿದ ದೇವಿ; ತಲೆಯ ಜಾಗದಲ್ಲಿ ಅರಳಿದ ಕಮಲ. ನಾಗನಾಥಕೊಳ್ಳದಲ್ಲಿ ಸಿಕ್ಕ, 7ನೇ ಶತಮಾನದ ಇಂಥದೇ ಶಿಲ್ಪವೊಂದು ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿದೆ. ಸಂಗ್ರಹಾಲಯದ ಗೌರಿಯನ್ನು ಪ್ರವಾಸಿಗರು ನೋಡಿ ಮುಂದೆ ಹೋಗುತ್ತಾರೆ. ಕೊಳ್ಳದ ಗೌರಿಗೆ ಮಕ್ಕಳಾಗದ ಹೆಣ್ಣುಮಕ್ಕಳು ಎಣ್ಣೆ ಹಚ್ಚಿ, ಅರಿಷಿಣ ಕುಂಕುಮ ಏರಿಸಿ ಬೇಡಿಕೊಳ್ಳುತ್ತಾರೆ. ಮನೆಯಲ್ಲಿ ಬಾಯಿಬಿಡಲಾಗದ ದುಃಖವನ್ನು ಹೇಳಿಕೊಳ್ಳಲು ಆಕೆಗೆ ಒಂದು ಜಾಗ ಸಿಗುತ್ತದೆ. ಆದರೆ ಒಂದು ಮಾತು ಇಲ್ಲಿ ಹೇಳಲೇಬೇಕು. ಹರಕೆ ಹೊರುವವಳು ಯಾವಾಗಲೂ ಸೊಸೆ. ಮಗನನ್ನು ವೈದ್ಯರ ಹತ್ತಿರ ಕಳಿಸಬೇಕೆಂದು ಯಾವ ಹರಕೆಯೂ ಹೇಳುವುದಿಲ್ಲ. ಮಕ್ಕಳಾಗದಿರಲು ಗಂಡಸಿನ ದೇಹವೂ ಕಾರಣವಾಗಿರುತ್ತದೆಂಬುದನ್ನು ಕೊಳ್ಳದ ದಾರಿಯಲ್ಲಿ ನಡೆಯುವ ಜೋಡಿ ಇಬ್ಬರೂ ತಿಳಿದಿರಬೇಕು.

ಬಸಿರು ನಿಂತಿತೋ, ಮುಂದೆ ಕುಬಸದ ಸಡಗರ. ಹಸಿರು ಇಳಕಲ್ಲ ಸೀರೆ, ಮುಂಗೈ ತುಂಬ ಹಸಿರು ಬಳೆ, ಮಡಿಲು ತುಂಬಿದ ಉಡಿಯಕ್ಕಿ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆಂಬ ಮಾತು ನಮ್ಮಲ್ಲುಂಟು. ಕಿವಿಗೂ ಬಯಕೆಗೂ ಸಂಬಂಧವಿಲ್ಲ. ಆದರೆ ತವರಿನಿಂದಲೂ ನೆರೆಮನೆಯಿಂದಲೂ ಬುತ್ತಿ ಬರಲು ಆ ಮಾತೇ ಕಾರಣ. ಮನೆಮಂದಿಯೆಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಸೊಸೆಗೆ, ಒಂಬತ್ತು ತಿಂಗಳ ಮಟ್ಟಿಗಾದರೂ ಮೊದಲ ತುತ್ತು ಕೊಡಿಸಿದ್ದು ಈ ಕಿವಿಯ ಹೆದರಿಕೆ.

ಇದೇ ಕುಬಸದಲ್ಲಿ ಪ್ರೀತಿಯ ಆಟವೊಂದು ನಡೆಯುತ್ತದೆ. ಗಂಡನ ಹೆಸರನ್ನು ಹೆಂಡತಿ ಬಾಯಿಂದ ಹೇಳಿದರೆ ಅವನ ಆಯುಷ್ಯ ಕಮ್ಮಿಯಾಗುತ್ತದೆಂಬ ನಂಬಿಕೆ. ದಿನಬೆಳಗಾದರೆ ‘ಇವರು’, ‘ನಮ್ಮ ಮನಿಯವರು’. ಆದರೆ ಮದುವೆ, ಕುಬಸಗಳಲ್ಲಿ ಹೆಣ್ಣುಮಕ್ಕಳು ಸುತ್ತುಗಟ್ಟಿ ‘ಒಡಪ ಹಾಕಿ ಹೆಸರ ಹೇಳವ್ವಾ’ ಎಂದು ಪೀಡಿಸುತ್ತಾರೆ. ಆಕೆ ಹೂವಿನಿಂದಲೋ ಹೊಳೆಯಿಂದಲೋ ಸುರುಮಾಡಿ, ಪ್ರಾಸ ಹಿಡಿದು, ಕೊನೆಯ ತುದಿಯಲ್ಲಿ ಹೆಸರನ್ನು ಸಿಕ್ಕಿಸಿ ಸೆರಗು ಬಾಯಿಗೆ ಹಿಡಿಯುತ್ತಾಳೆ. ‘ಕೇಳಿಸಲೇ ಇಲ್ಲ, ಇನ್ನೊಮ್ಮೆ’ ಎಂದು ಮುದುಕಿಯರು ಕೂಗುತ್ತಾರೆ. ಸಾವಿನ ಹೆದರಿಕೆ ಹೆಸರಿಗೆ ಬೀಗ ಹಾಕಿತ್ತು. ಹೆಂಗಸರ ಕೂಟ ಆ ಬೀಗವನ್ನು ನಗುತ್ತ ತೆಗೆಯಿತು. ನಿಷೇಧವನ್ನೂ ಅದರ ರಜೆಯನ್ನೂ ಒಟ್ಟಿಗೆ ಇಟ್ಟುಕೊಂಡ ಜಾಣತನ ನಮ್ಮ ಜನಪದರದು.

ಹೆರಿಗೆಯಾಯಿತು. ಬಾಣಂತಿಯ ಕಿವಿಗೆ ಅರಳೆ, ತಲೆಗೆ ಬಟ್ಟೆ, ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ, ಕೆಂಡದ ಮೇಲೆ ಅಜವಾನ, ಲೋಬಾನ. ತಿನ್ನಲು ಅಂಟಿನುಂಡಿ: ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪದಲ್ಲಿ ಹುರಿದ ಅಂಟು. ಕುಡಿಯಲು ಅಳವಿಯ ಪಾಯಸ. ಈ ಸಣ್ಣ ಕೆಂಪು ಬೀಜದಲ್ಲಿ ಕಬ್ಬಿಣದಂಶ ಧಾರಾಳ. ರಕ್ತ ಕಳೆದುಕೊಂಡ ದೇಹಕ್ಕೆ ಅದು ಬೇಕು. ಐದಾರನೆಯ ರಾತ್ರಿ ಸೆಟವಿಯೆಂಬ ದೇವತೆ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆಂದು ದೀಪ ಹಚ್ಚಿಟ್ಟು ಎಚ್ಚರವಿರುವ ಮನೆಗಳಿವೆ. ಎಳೆಕೂಸಿಗೆ ಹುಟ್ಟಿದ ಮೊದಲ ವಾರವೇ ಅತ್ಯಂತ ಅಪಾಯದ ಕಾಲವೆಂದು ವೈದ್ಯರೂ ಹೇಳುತ್ತಾರೆ. ಆ ವಾರದಲ್ಲೊಂದು ರಾತ್ರಿ ಮನೆಯವರೆಲ್ಲ ಎದ್ದು ಕುಳಿತು ಕೂಸನ್ನು ನೋಡಿಕೊಳ್ಳುವುದಾದರೆ ಸೆಟವಿ ಬರಲಿ, ಬರೆಯಲಿ.

ಆದರೆ ಇದೇ ಬಾಣಂತಿ ಕೋಣೆಯಲ್ಲಿ ಕೆಟ್ಟ ಪದ್ಧತಿಗಳೂ ಇವೆ. ಬಾಣಂತಿಗೆ ನೀರು ಕೊಟ್ಟರೆ ನಂಜಾಗುತ್ತದೆಂದು ಬಾಯಾರಿಸುವುದು ಒಂದು. ಹಾಲು ಉಣಿಸುವ ತಾಯಿಗೆ ನೀರು ಹೆಚ್ಚು ಬೇಕು, ಕಡಿಮೆಯಲ್ಲ. ಇನ್ನೊಂದು, ತಾಯಿಯ ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವುದು. ಆಕಳು ಈಯ್ದರೆ ಗಿಣ್ಣಕ್ಕಾಗಿ ಬಟ್ಟಲು ಹಿಡಿದು ಕಾಯುವ ನಾವು, ಕೂಸಿಗೆ ರೋಗ ತಡೆಯುವ ಶಕ್ತಿ ಕೊಡುವ ತಾಯಿಯ ಗಿಣ್ಣವನ್ನು ಬಚ್ಚಲಿಗೆ ಬಿಡುತ್ತೇವೆ. ಮೂರನೆಯದು ಎಲ್ಲಕ್ಕಿಂತ ಕ್ರೂರ. ಕೂಸಿಗೆ ಕಾಮಣಿಯಾದರೆ, ಹೊಟ್ಟೆ ಉಬ್ಬಿದರೆ, ಕಾಸಿದ ಬಳೆಚೂರಿನಿಂದಲೋ ಸೂಜಿಯಿಂದಲೋ ಬರೆ ಹಾಕುವುದು. ಕೂಸಿನ ಕಾಮಣಿ ಬಹಳಷ್ಟು ಸಲ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ಆಸ್ಪತ್ರೆಯ ನೀಲಿ ಬೆಳಕಿನ ಕೆಳಗೆ ಮಲಗಿಸಿದರೆ ನೋವಿಲ್ಲದೆ ಇಳಿಯುತ್ತದೆ. ಸುಟ್ಟ ಗಾಯ ಮಾತ್ರ ಕೀವು ಹಿಡಿದು ಜೀವಕ್ಕೇ ಬರಬಹುದು. ಇಲ್ಲಿಯೂ ಒಂದು ಕೈ ಇದೆ, ಆದರೆ ಅದು ನೀವುವ ಕೈಯಲ್ಲ.

ಕೇಳುಗರೇ, ಊಟದ ನಂಬಿಕೆಗಳಿಗೆ ಈ ಸೀಮೆಯಲ್ಲಿ ಒಬ್ಬ ದೇವತೆಯೇ ಇದ್ದಾಳೆ. ಚೊಳಚಗುಡ್ಡದ ಬನಶಂಕರಿ. ಬರಗಾಲದಲ್ಲಿ ತನ್ನ ಮೈಯಿಂದಲೇ ಕಾಯಿಪಲ್ಯ ಬೆಳೆದು ಜನರನ್ನು ಬದುಕಿಸಿದ ಶಾಕಂಭರಿ ಆಕೆ. ಪುಷ್ಯ ಮಾಸದ ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಪಲ್ಯದ ಹಬ್ಬವೆಂದು 108 ಬಗೆಯ ಪಲ್ಯ ಮಾಡಿ ಆಕೆಗೆ ಎಡೆ ಹಿಡಿಯುತ್ತಾರೆ. ಮಳೆ ಕಡಿಮೆಯ ನಾಡಿನಲ್ಲಿ 108 ಬಗೆ ತರುವುದೆಂದರೆ ಹೊಲದ ಬದುವಿನ ಸೊಪ್ಪು, ಬೇಲಿಯ ಕಾಯಿ, ಹಳ್ಳದ ದಂಡೆಯ ಗಡ್ಡೆ ಎಲ್ಲದರ ಗುರುತು ಇಟ್ಟುಕೊಂಡಿರಬೇಕು. ಬರ ಬಂದಾಗ ಯಾವುದನ್ನು ತಿಂದು ಬದುಕಬಹುದೆಂಬ ತಿಳಿವನ್ನು ವರ್ಷಕ್ಕೊಮ್ಮೆ ಒರೆಗೆ ಹಚ್ಚುವ ಪಾಠ ಇದು. ಗುಡಿಯ ಹೊರಗೆ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಜೋಳದ ರೊಟ್ಟಿ, ಕೆಂಪು ಹಿಂಡಿ, ಪುಂಡಿಪಲ್ಯ, ಸಣ್ಣ ಗಡಿಗೆಯ ಮೊಸರು ಮಾರುತ್ತಾರೆ. ಪ್ರಸಾದವೆಂದು ತಿನ್ನಿ, ಹಸಿವೆಂದು ತಿನ್ನಿ, ಅದಕ್ಕಿಂತ ಹೊಂದಿಕೆಯ ಊಟ ಇಂದಿನ ಆಹಾರತಜ್ಞರೂ ಹೇಳಲಾರರು. ಹೊಂಡದ ನೀರಿನಲ್ಲಿ ಬಾಳೆದಿಂಡಿನ ತೆಪ್ಪ ಕಟ್ಟಿ ಎಳೆಕೂಸುಗಳನ್ನು ತೇಲಿಸುವ ಹರಕೆಯೂ ಇಲ್ಲಿಯದೇ.

ಹೊಲಕ್ಕೂ ಬಸಿರುಂಟು ನಮ್ಮಲ್ಲಿ. ಸೀಗಿ ಹುಣ್ಣಿಮೆ, ಎಳ್ಳಮಾಸಿಗಳಲ್ಲಿ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಚರಗ ಚೆಲ್ಲುತ್ತಾರೆ. ಹೊಡೆ ತುಂಬಿದ ಜೋಳ ಬಸುರಿ, ಆಕೆಗೆ ಬಯಕೆಯೂಟ ಹಾಕಬೇಕು ಎಂಬುದು ಲೆಕ್ಕ. ಸಜ್ಜಿ ರೊಟ್ಟಿ, ಕಡುಬು, ಎಣ್ಣೆಗಾಯಿ, ಶೇಂಗಾ ಹೋಳಿಗೆ ಮೊದಲು ಮಣ್ಣಿಗೆ, ಹಕ್ಕಿಗೆ, ಹುಳಕ್ಕೆ. ಆಮೇಲೆ ದಾರಿಹೋಕರನ್ನೂ ಕರೆದು ಕೂಡಿಸಿಕೊಂಡು ತಮಗೆ. ಚಳಿಗಾಲದಲ್ಲಿ ಸಜ್ಜಿ, ಎಳ್ಳು, ಶೇಂಗಾ ಮೈಗೆ ಕಾವು ಕೊಡುತ್ತವೆಂಬುದನ್ನು ಪಂಚಾಂಗ ನೋಡಿ ತಿಳಿಯಬೇಕಿಲ್ಲ, ಹಬ್ಬವೇ ತಂದು ತಟ್ಟೆಗೆ ಹಾಕುತ್ತದೆ.

ನಾಗರ ಪಂಚಮಿಯ ದಿನ ಒಲೆಯ ಮೇಲೆ ಹಂಚಿಡಬಾರದು, ನಾಗಪ್ಪನ ಹೆಡೆ ಸುಡುತ್ತದೆ ಎನ್ನುತ್ತಾರೆ. ಹೀಗಾಗಿ ರೊಟ್ಟಿ ಮುಂಚಿತವಾಗಿ ಬಡಿದದ್ದು, ಮನೆಮನೆಗೆ ಹಂಚಿದ್ದು. ವರ್ಷವಿಡೀ ಹೊಗೆಯಲ್ಲಿ ಕುಳಿತ ಹೆಂಗಸು ಆ ದಿನ ಜೋಕಾಲಿಯ ಮೇಲೆ. ಅಣ್ಣ ಕರೆಯಲು ಬಂದಿದ್ದರೆ ತವರಿನಲ್ಲಿ. ಇಲ್ಲಿ ಹಾವು ಹಾಲು ಕುಡಿಯುವುದಿಲ್ಲವೆಂಬ ವಾದದಲ್ಲಿ ಹುರುಳಿದೆ, ಆದರೆ ರಜೆ ಸಿಕ್ಕಿದ್ದು ಹಾವಿಗಲ್ಲ. ಹಾವು ಕಡಿದಾಗ ಮಾತ್ರ ನಂಬಿಕೆಗೆ ಒಂದು ನಿಮಿಷವನ್ನೂ ಕೊಡಬೇಡಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಚುಚ್ಚುಮದ್ದು ಇದೆ. ಅದು ಇರುವುದು ಆಸ್ಪತ್ರೆಯಲ್ಲಿ.

ಮೈಮೇಲೆ ಗುಳ್ಳೆ ಎದ್ದರೆ ‘ಅಮ್ಮ ಬಂದಾಳ’ ಎನ್ನುತ್ತೇವೆ. ಬಾಗಿಲಿಗೆ ಬೇವಿನ ತಪ್ಪಲು, ಒಳಗೆ ಒಗ್ಗರಣೆ ಬಂದ್, ಹೊರಗಿನವರು ಬರುವಂತಿಲ್ಲ, ರೋಗಿ ಮಲಗಿದಲ್ಲೇ ತಣ್ಣಗಿನ ಮೊಸರನ್ನ. ಸಿಡುಬು ಜಗತ್ತಿನಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ಅದನ್ನು ಓಡಿಸಿದ್ದು ಲಸಿಕೆ, ಬೇವಲ್ಲ. ಆದರೆ ಲಸಿಕೆ ಬರುವ ಮೊದಲು ಬಾಗಿಲ ಬೇವೇ ನೆರೆಯವರಿಗೆ ಒಳಗೆ ಬರಬೇಡಿ ಎನ್ನುವ ಫಲಕ. ಈಚೆಗೆ ಕೊರೊನಾ ಕಾಲದಲ್ಲಿ ಮನೆ ಬಾಗಿಲಿಗೆ ಚೀಟಿ ಅಂಟಿಸಿದಾಗ ಜನ ಸಿಟ್ಟಾದರು, ಅವಮಾನವೆಂದು ತಿಳಿದರು. ಬೇವು ಕಟ್ಟಿದ ಮನೆಗೆ ಆ ಅವಮಾನವಿರಲಿಲ್ಲ. ಒಳಗೆ ದೇವಿ ಇದ್ದಾಳೆ ಎಂಬ ಗೌರವವಿತ್ತು.

ಇನ್ನು ನೆದರ, ಅಂದರೆ ದೃಷ್ಟಿ, ತೆಗೆಯುವುದನ್ನು ಹತ್ತಿರದಿಂದ ನೋಡಿ. ಮಗು ಹಠಮಾಡಿ ಅಳುತ್ತಿದೆ. ಅಜ್ಜಿ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ, ಕಸಬರಿಗೆಯ ಕಡ್ಡಿ ಹಿಡಿದು ತಲೆಯಿಂದ ಕಾಲಿಗೆ ಇಳಿಸುತ್ತ, ಕಂಡವರ ಕಣ್ಣು, ಹಾದಿಹೋಕರ ಕಣ್ಣು, ಹಡೆದವ್ವನ ಕಣ್ಣು ಎಂದು ಒಂದೊಂದನ್ನೇ ಹೆಸರಿಸುತ್ತಾಳೆ. ಎಲ್ಲವನ್ನೂ ಒಲೆಗೆ ಒಗೆಯುತ್ತಾಳೆ. ಉಪ್ಪು ಚಟಪಟ ಸಿಡಿಯುತ್ತದೆ. ಮೆಣಸಿನಕಾಯಿಯ ಘಾಟು ಬರಲಿಲ್ಲವೆಂದರೆ ‘ನೋಡು, ಎಷ್ಟು ನೆದರ ಆಗಿತ್ತ!’ ಅಷ್ಟರಲ್ಲಿ ಮಗು ಅಳು ಮರೆತು ಒಲೆ ನೋಡುತ್ತಿರುತ್ತದೆ. ಆ ಪಟ್ಟಿಯಲ್ಲಿ ತಾಯಿಯ ಕಣ್ಣೂ ಇರುವುದನ್ನು ಗಮನಿಸಿ. ತಪ್ಪು ಒಬ್ಬರ ಮೇಲೆ ಬೀಳದ ಹಾಗೆ ಎಲ್ಲರಿಗೂ ಹಂಚಿಬಿಡುತ್ತಾರೆ. ಅದನ್ನು ಬಿಟ್ಟು ಓಣಿಯ ಒಬ್ಬ ಮುದುಕಿಯ ಕಣ್ಣೇ ಕೆಟ್ಟದ್ದು, ಒಬ್ಬ ವಿಧವೆ ಎದುರು ಬರುವುದೇ ಅಪಶಕುನ ಎಂದು ಬೆರಳು ಮಾಡಿ ತೋರಿಸಲು ಹೊರಟರೆ ಅದೇ ನಂಬಿಕೆ ವಿಷವಾಗುತ್ತದೆ.

ಪ್ರೀತಿ ಮತ್ತು ಸಾವನ್ನು ಒಂದೇ ಬುಟ್ಟಿಯಲ್ಲಿ ಹೊತ್ತು ತರುವ ಹಬ್ಬ ಜೋಕುಮಾರನದು. ಭಾದ್ರಪದದಲ್ಲಿ ಗಣಪ ಹೋದ ಮೇಲೆ ಅಂಬಿಗ, ಬಾರಕೇರ ಹೆಣ್ಣುಮಕ್ಕಳು ಮಣ್ಣಿನ ಜೋಕುಮಾರನನ್ನು ಬೇವು ತುಂಬಿದ ಬುಟ್ಟಿಯಲ್ಲಿಟ್ಟು ಮನೆಮನೆಗೆ ಬರುತ್ತಾರೆ. ಅವನ ತುಟಿಗೆ ಬೆಣ್ಣೆ, ಅವರ ಮೊರಕ್ಕೆ ಜೋಳ. ಮಕ್ಕಳಿಲ್ಲದವರು ಅವನನ್ನು ಬೇಡುತ್ತಾರೆ. ಅವನ ಬಾಳು ಏಳು ದಿನ. ಹೆಣ್ಣಿನ ಹಿಂದೆ ಬಿದ್ದು ಅಗಸರ ಕೈಯಲ್ಲಿ ಹುಣ್ಣಿಮೆಯ ರಾತ್ರಿ ಸಾಯುತ್ತಾನೆ. ಗಣಪ ಕಡುಬು ತಿಂದು ಹೋಗಿ ಭೂಲೋಕ ಸುಖವಾಗಿದೆ ಎನ್ನುತ್ತಾನಂತೆ. ಜೋಕುಮಾರ ಮಾತ್ರ ಬಡವರ ಹಸಿವನ್ನು ಕಂಡದ್ದು ಕಂಡಂತೆ ಶಿವನಿಗೆ ಹೇಳಿ ಮಳೆ ತರಿಸುತ್ತಾನಂತೆ. ಊರು ಪೋಲಿಯೆಂದು ಬೈದವನಿಗೇ ನಿಜ ಹೇಳುವ ಬಾಯಿ ಕೊಟ್ಟ ಕಥೆ ಇದು. ಚಂದ್ರಶೇಖರ ಕಂಬಾರರು 1972ರ ತಮ್ಮ ನಾಟಕಕ್ಕೆ ಇವನ ಹೆಸರನ್ನೇ ಇಟ್ಟರು.

ಕೊನೆಗೆ ಸಾವು. ಲಿಂಗಾಯತರಲ್ಲಿ ಸತ್ತವರನ್ನು ಕೂಡಿಸಿ, ಹಣೆಗೆ ವಿಭೂತಿ ಧರಿಸಿ, ರಾತ್ರಿಯೆಲ್ಲ ಭಜನೆ ಮಾಡಿ, ವಿಮಾನವೆಂದು ಕರೆಯುವ ಚಟ್ಟದಲ್ಲಿ ಹೊತ್ತೊಯ್ದು ಸಮಾಧಿ ಮಾಡುತ್ತಾರೆ. ಕುಣಿಗೆ ವಿಭೂತಿ, ಬಿಲ್ವಪತ್ರೆ, ಉಪ್ಪು. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಬೇಕು. ‘ಮಣ್ಣಿಗೆ ಹೋಗಿದ್ದೆ’ ಎಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಹೊಲದ ಕೆಲಸವೂ ನಿಲ್ಲುತ್ತದೆ, ವ್ಯಾಜ್ಯವಿದ್ದವರೂ ಬರುತ್ತಾರೆ. ಸತ್ತ ಮನೆಯಲ್ಲಿ ಒಲೆ ಹಚ್ಚಬಾರದೆನ್ನುತ್ತಾರೆ. ಹಾಗೆಂದು ಆ ಮನೆ ಉಪವಾಸ ಬೀಳುವುದಿಲ್ಲ. ನೆರೆಯವರು, ಬೀಗರು ಬುತ್ತಿ ತಂದು, ಪಕ್ಕದಲ್ಲಿ ಕೂತು, ಒಂದು ತುತ್ತಾದರೂ ಉಣಿಸಿಯೇ ಏಳುತ್ತಾರೆ. ದುಃಖದಲ್ಲಿದ್ದವರಿಗೆ ಅಡಿಗೆ ಮಾಡುವ ತ್ರಾಣವಿರುವುದಿಲ್ಲ ಎಂಬುದನ್ನು ತಿಳಿದವರು ಕಟ್ಟಿದ ನಿಯಮ ಇದು.

ನಂಬಿಕೆಗಳನ್ನು ಜರಡಿ ಹಿಡಿಯುವ ಕೆಲಸವೂ ಈ ಮಣ್ಣಿಗೆ ಹೊಸದಲ್ಲ. ಮಲಪ್ರಭೆ ಕೃಷ್ಣೆಯನ್ನು ಕೂಡುವ ಕೂಡಲಸಂಗಮ ಬಸವಣ್ಣನವರ ನೆಲ. ಶಕುನ, ಮೈಲಿಗೆ, ಸೂತಕಗಳನ್ನು ಶರಣರು 12ನೇ ಶತಮಾನದಲ್ಲೇ ಪ್ರಶ್ನಿಸಿದ್ದರು. ನಮ್ಮ ಕಾಲದಲ್ಲಿ ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಬೀದಿಗಿಳಿದರು. ಜೋಳಿಗೆಗೆ ಜೋಳ ಹಾಕುವುದು ಪುಣ್ಯವೆಂದು ಜನ ನಂಬಿದ್ದರು. ಸ್ವಾಮಿಗಳು ಜೋಳ ಬೇಡಲಿಲ್ಲ. ನಿಮ್ಮ ಸೆರೆ, ಬೀಡಿ, ಗುಟ್ಕಾ ಚಟಗಳನ್ನು ಇದರಲ್ಲಿ ಹಾಕಿ ಎಂದರು. ಮಠದ ಜೋಳಿಗೆಗೆ ಕೊಟ್ಟದ್ದನ್ನು ವಾಪಸು ಪಡೆಯುವಂತಿಲ್ಲ ಎಂಬ ಹಳೆಯ ನಂಬಿಕೆಯೇ ಚಟ ಬಿಟ್ಟವರನ್ನು ಹಿಡಿದು ನಿಲ್ಲಿಸಿತು. ಅವರು 2018ರಲ್ಲಿ ಲಿಂಗೈಕ್ಯರಾದರು; ಅವರ ಜನ್ಮದಿನ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ನಂಬಿಕೆಯನ್ನು ಒಡೆಯದೆ ಅದರ ದಿಕ್ಕು ತಿರುಗಿಸಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆದ್ದರಿಂದ ಮನೆಯಲ್ಲಿ ಹಿರಿಯರು ಏನಾದರೊಂದು ಪದ್ಧತಿ ಹೇಳಿದಾಗ ಮೂಢನಂಬಿಕೆ ಎಂದು ಬೈಯುವ ಮೊದಲು, ಹೌದೆಂದು ತಲೆಬಾಗುವ ಮೊದಲು, ಎರಡು ಪ್ರಶ್ನೆ ಕೇಳಿ. ಇದು ಕಷ್ಟದಲ್ಲಿರುವವರ ಹತ್ತಿರ ಯಾರನ್ನಾದರೂ ಕರೆತರುತ್ತದೆಯೇ? ಇದು ಯಾರಿಗಾದರೂ ನೋವು ಮಾಡುತ್ತದೆಯೇ, ಅಥವಾ ವೈದ್ಯರ ಹತ್ತಿರ ಹೋಗುವುದನ್ನು ತಡೆಯುತ್ತದೆಯೇ? ಮೊದಲನೆಯದ್ದಕ್ಕೆ ಹೌದು, ಎರಡನೆಯದ್ದಕ್ಕೆ ಇಲ್ಲ ಎಂದು ಉತ್ತರ ಬಂದರೆ ನಿಶ್ಚಿಂತೆಯಿಂದ ನಡೆಸಿಕೊಂಡು ಹೋಗಿ. ಇಲ್ಲವಾದರೆ ಆಸ್ಪತ್ರೆಗೆ ಹೊರಡಿ. ಹೊರಡುವಾಗ ಅಜ್ಜಿಯನ್ನು ಬಿಟ್ಟುಹೋಗಬೇಡಿ. ರೋಗಿಯ ಹಾಸಿಗೆಯ ಹತ್ತಿರ ರಾತ್ರಿಯೆಲ್ಲ ಎಚ್ಚರವಿರಲು ಆಕೆಗಿಂತ ಪಳಗಿದವರು ನಿಮಗೆ ಸಿಗಲಾರರು.